ಮುಗುಳ್ನಗೆಯ ಸಿಸ್ಟರ್: ಹಾಡು ಮೆರೆಯಿತು, ಹಾಡಿದವರು ಮರೆಯಾದರು

1963ರ ಡಿಸೆಂಬರ್ ತಿಂಗಳ ಮೊದಲ ವಾರ. ಅಮೆರಿಕದ ಪ್ರಥಮ ಕಥೋಲಿಕ ಅಧ್ಯಕ್ಷ ಜಾನ್ ಕೆನಡಿಯವರು ಗುಂಡೇಟಿಗೆ ಬಲಿಯಾಗಿ ಎರಡು ವಾರಗಳಷ್ಟೇ ಕಳೆದಿದ್ದವು. ಶೋಕದಲ್ಲಿ ಮುಳುಗಿದ್ದ ಆ ವಿಶಾಲ ದೇಶದ ಮನೆಮನೆಗಳ ರೇಡಿಯೋಗಳಿಂದ ಆ ದಿನಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದ್ದುದು ಒಬ್ಬ ಕನ್ಯಾಸ್ತ್ರೀಯ ಕಂಠ. ಹಾಡಿನ ಭಾಷೆ ಫ್ರೆಂಚ್. ಕೇಳುಗರಲ್ಲಿ ಬಹುಮಂದಿಗೆ ಅದರ ಒಂದು ಪದವೂ ಅರ್ಥವಾಗುತ್ತಿರಲಿಲ್ಲ. ಜೊತೆಗಿದ್ದ ವಾದ್ಯ ಒಂದೇ ಒಂದು ಗಿಟಾರ್. ಆದರೂ ಆ ಸರಳ ರಾಗದಲ್ಲಿದ್ದ ನಿರ್ಮಲ ಸಂತೋಷ ನೊಂದ ಹೃದಯಗಳಿಗೆ ತಂಪನ್ನು ನೀಡಿತು.

ಆ ಗೀತೆಯ ಹೆಸರು ‘ದೊಮಿನಿಕ್’. ಡಿಸೆಂಬರ್ 7ರಂದು ಅದು ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಪ್ರಥಮ ಸ್ಥಾನಕ್ಕೇರಿ, ನಾಲ್ಕು ವಾರಗಳ ಕಾಲ ಅಲ್ಲಿಯೇ ನಿಂತಿತು. ಅದೇ ಭಗಿನಿಯ ಹಾಡುಗಳ ಪೂರ್ಣ ಧ್ವನಿಮುದ್ರಿಕೆಯೂ ಅದೇ ದಿನ ಆಲ್ಬಮ್‌ಗಳ ಪಟ್ಟಿಯಲ್ಲಿ ಮೊದಲನೆಯದಾಗಿ, ಹತ್ತು ವಾರಗಳವರೆಗೆ ಆ ಸ್ಥಾನವನ್ನು ಬಿಟ್ಟುಕೊಡಲಿಲ್ಲ. 1964ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬೀಟಲ್ಸ್ ತಂಡದ ಆಲ್ಬಮ್ ಬಂದ ಮೇಲೆಯೇ ಅದು ಕೆಳಗಿಳಿದದ್ದು. ಪಾಪ್ ಸಂಗೀತದ ಚರಿತ್ರೆಯಲ್ಲಿ ಮಠದೊಳಗಿನ ಸಹೋದರಿಯೊಬ್ಬರಿಗೆ ಇಂತಹ ಗೆಲುವು ಅದಕ್ಕೆ ಹಿಂದೆ ಒಲಿದಿರಲಿಲ್ಲ, ಅನಂತರವೂ ಒಲಿಯಲಿಲ್ಲ.

ಹಾಡಿದವರನ್ನು ಜಗತ್ತು ‘ಸೆರ್ ಸೂರೀರ್’, ಅಂದರೆ ‘ಮುಗುಳ್ನಗೆಯ ಸಿಸ್ಟರ್’ ಎಂದು ಕರೆಯಿತು. ಅವರ ಸ್ವಂತ ಹೆಸರು ಜನೀನ್ ಡೆಕರ್ಸ್. ಆ ನಗೆಯ ಹಿಂದಿದ್ದ ಬದುಕನ್ನು ಅರಿತವರು ವಿರಳ. ಅದನ್ನು ಅರಿಯುವುದು ಕಥೋಲಿಕ ಕುಟುಂಬಗಳಾದ ನಮಗೆ ಸುಲಭವೂ ಅಲ್ಲ, ಅನಗತ್ಯವೂ ಅಲ್ಲ.

ಬಾಲ್ಯ ಮತ್ತು ದೈವಕರೆ

ಜನೀನ್ ಡೆಕರ್ಸ್ 1933ರ ಅಕ್ಟೋಬರ್ 17ರಂದು ಬೆಲ್ಜಿಯಂ ದೇಶದ ರಾಜಧಾನಿ ಬ್ರಸೆಲ್ಸ್‌ನ ಲಾಕನ್ ಎಂಬಲ್ಲಿ ಜನಿಸಿದರು. ತಂದೆ ಕೇಕು ಮೊದಲಾದ ಬೇಕರಿ ತಿನಿಸುಗಳ ಅಂಗಡಿಯನ್ನು ನಡೆಸುತ್ತಿದ್ದರು. 1940ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ಬೆಲ್ಜಿಯಂಗೆ ನುಗ್ಗಿದಾಗ ಆಕೆಗೆ ಇನ್ನೂ ಆರು ವರ್ಷ. ಯುದ್ಧದ ನೆರಳಿನಲ್ಲಿ ಬಾಲ್ಯವನ್ನು ಕಳೆದ ಆ ಬಾಲಕಿ ಬ್ರಸೆಲ್ಸ್‌ನ ಕಥೋಲಿಕ ಶಾಲೆಯಲ್ಲಿ ವಿದ್ಯಾಭ್ಯಾಸ ಪಡೆದರು. ಕಥೋಲಿಕ ಗೈಡ್ಸ್ ದಳವನ್ನು ಸೇರಿದರು. ಗೈಡ್ಸ್ ಶಿಬಿರಗಳ ಸಂಜೆಗಳಲ್ಲಿ ಗೆಳತಿಯರೊಡನೆ ಹಾಡುವ ಸಲುವಾಗಿ ಗಿಟಾರ್ ಹಿಡಿದರು. ಸಂಗೀತ ಅವರಿಗೆ ವೇದಿಕೆಯ ವಿದ್ಯೆಯಾಗಿ ಬಂದುದಲ್ಲ; ಕೂಡಿ ಹಾಡುವ ಸಂತೋಷವಾಗಿ ಬಂದದ್ದು.

ಯೌವನದಲ್ಲಿ ಕೆಲವು ವರ್ಷ ಅವರು ಕಲಾ ಶಿಕ್ಷಕಿಯಾಗಿ ದುಡಿದರು. ಆದರೆ ಮನಸ್ಸು ಬೇರೊಂದು ಹಾದಿಯನ್ನು ಅರಸುತ್ತಿತ್ತು. 1959ರ ಸೆಪ್ಟೆಂಬರ್‌ನಲ್ಲಿ, ತಮ್ಮ 25ನೆಯ ವಯಸ್ಸಿನಲ್ಲಿ, ವಾಟರ್ಲೂ ಊರಿನಲ್ಲಿದ್ದ ಫಿಶೆರ್ಮೋನ್ ಮಾತೆಯ ದೊಮಿನಿಕನ್ ಮಿಷನರಿ ಸಹೋದರಿಯರ ಸಭೆಯನ್ನು ಪ್ರವೇಶಿಸಿದರು. 1815ರಲ್ಲಿ ನೆಪೋಲಿಯನ್ ಸೋತ ಯುದ್ಧದಿಂದ ಪ್ರಸಿದ್ಧವಾದ ವಾಟರ್ಲೂ ಅದುವೇ. ಅಲ್ಲಿ ಅವರಿಗೆ ಸಿಸ್ಟರ್ ಲೂಕ್ ಗಾಬ್ರಿಯೇಲ್ ಎಂಬ ಹೆಸರಾಯಿತು.

ಮಠಕ್ಕೆ ಬರುವಾಗ ಅವರು ಗಿಟಾರನ್ನೂ ತಂದಿದ್ದರು. ಅದಕ್ಕೆ ‘ಸಿಸ್ಟರ್ ಅದೆಲ್’ ಎಂದು ಹೆಸರಿಟ್ಟು, ಅದನ್ನೂ ಮಠದ ಒಬ್ಬ ಸದಸ್ಯೆಯಂತೆ ಕಾಣುತ್ತಿದ್ದರು. ಧ್ಯಾನಕೂಟಗಳಿಗಾಗಿ ಮಠಕ್ಕೆ ಬರುತ್ತಿದ್ದ ಯುವತಿಯರಿಗೆ ತಾವೇ ಹಾಡು ಕಟ್ಟಿ ಹಾಡುತ್ತಿದ್ದರು. ‘ದೊಮಿನಿಕ್’ ಹುಟ್ಟಿದ್ದು ಇಂತಹ ಒಂದು ಹಾಡಾಗಿ. ಅದು ತಮ್ಮ ಸಭೆಯ ಮೂಲಪುರುಷರಾದ ಸಂತ ದೊಮಿನಿಕರ ಕಥೆ: 13ನೆಯ ಶತಮಾನದ ಆರಂಭದಲ್ಲಿ ಕುದುರೆ, ಸೇವಕರು, ಆಡಂಬರ ಯಾವುದೂ ಇಲ್ಲದೆ ಬಡವನಾಗಿ ಕಾಲ್ನಡಿಗೆಯಲ್ಲಿ ಊರೂರು ಸುತ್ತಿ, ದೇವರ ವಾಕ್ಯವನ್ನು ಸಾರಿದ ಸ್ಪೇನ್ ದೇಶದ ಗುರುವಿನ ಕಥೆ. 1216ರಲ್ಲಿ ಪೋಪ್ ಅವರ ಮನ್ನಣೆ ಪಡೆದ ಆ ಬೋಧಕರ ಸಭೆಯ ಧ್ಯೇಯವನ್ನು ಮಗುವಿಗೂ ತಿಳಿಯುವಂತೆ ಸಿಸ್ಟರ್ ಹಾಡಾಗಿ ಹೆಣೆದಿದ್ದರು.

ಧ್ವನಿಮುದ್ರಣದ ಕೋಣೆಯಲ್ಲಿ

ಹಾಡುಗಳನ್ನು ಕೇಳಿದ ಯುವತಿಯರು ಅವುಗಳ ಪ್ರತಿಗಳಿಗಾಗಿ ಹಂಬಲಿಸಿದರು. ಧ್ಯಾನಕೂಟಗಳಿಗೆ ಬರುವವರಿಗೆ ಕೊಡಲು ಕೆಲವು ರೆಕಾರ್ಡುಗಳಿದ್ದರೆ ಸಾಕು ಎಂಬುದಷ್ಟೇ ಮಠದ ಹಿರಿಯ ಸಹೋದರಿಯರ ಆಸೆ. 1961ರಲ್ಲಿ ಬ್ರಸೆಲ್ಸ್‌ನ ಫಿಲಿಪ್ಸ್ ಕಂಪನಿಯ ಧ್ವನಿಮುದ್ರಣಾಲಯದಲ್ಲಿ ಸಿಸ್ಟರ್ ಲೂಕ್ ಗಾಬ್ರಿಯೇಲ್ ಹಾಡಿದರು. ಜೊತೆ ಸಹೋದರಿಯರು ಹಿಮ್ಮೇಳ ನೀಡಿದರು. ಕೇಳಿದ ಕಂಪನಿಯವರು ಇದು ಮಠದ ಗೋಡೆಗಳೊಳಗೆ ಉಳಿಯುವ ಸಂಗೀತವಲ್ಲವೆಂದು ಗುರುತಿಸಿದರು. ವ್ಯಾಪಾರದ ಒಪ್ಪಂದವಾಯಿತು. ಗಾಯಕಿಯ ನಿಜನಾಮವನ್ನು ಮರೆಯಲ್ಲಿರಿಸಿ, ಮಾರುಕಟ್ಟೆಗಾಗಿ ‘ಸೆರ್ ಸೂರೀರ್’ ಎಂಬ ಹೆಸರನ್ನು ಇಡಲಾಯಿತು. ಆ ಹೆಸರಿನ ಮೇಲೆ ಗಾಯಕಿಗೆ ಯಾವ ಹಕ್ಕೂ ಇರಲಿಲ್ಲ. ಆಗ ಅದನ್ನು ಯಾರೂ ದೊಡ್ಡ ವಿಷಯವೆಂದು ಎಣಿಸಲಿಲ್ಲ. ತನ್ನ ಹೆಸರನ್ನೂ ತನ್ನ ದುಡಿಮೆಯನ್ನೂ ತನ್ನದೆನ್ನದಿರುವುದೇ ಸಂನ್ಯಾಸ ಜೀವನವಲ್ಲವೇ?

ಕಾಲವೂ ಅನುಕೂಲವಾಗಿತ್ತು. 1962ರ ಅಕ್ಟೋಬರ್‌ನಲ್ಲಿ ರೋಮಿನಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಆರಂಭವಾಗಿತ್ತು. ಬೆಲ್ಜಿಯಂನ ಕಾರ್ಡಿನಲ್ ಸೂನೆನ್ಸ್ ಅವರು ಕನ್ಯಾಸ್ತ್ರೀಯರು ಇಂದಿನ ಜಗತ್ತಿನ ನಡುವೆ ಹೇಗೆ ಸೇವೆ ಸಲ್ಲಿಸಬೇಕೆಂಬುದನ್ನು ಕುರಿತು ಅದೇ ವರ್ಷ ಗ್ರಂಥವೊಂದನ್ನು ಪ್ರಕಟಿಸಿದ್ದರು. ದೈವಾರಾಧನೆಯಲ್ಲಿ ಜನರ ಮಾತೃಭಾಷೆಗೆ ಬಾಗಿಲು ತೆರೆದ ಮಹಾಸಭೆಯ ಶಾಸನ ಹೊರಬಿದ್ದದ್ದು 1963ರ ಡಿಸೆಂಬರ್ 4ರಂದು. ‘ದೊಮಿನಿಕ್’ ಅಮೆರಿಕದಲ್ಲಿ ಪ್ರಥಮ ಸ್ಥಾನಕ್ಕೇರಿದ್ದು ಅದಾಗಿ ಮೂರನೆಯ ದಿನ. ನಮ್ಮ ಚರ್ಚುಗಳಲ್ಲಿ ಕನ್ನಡದಲ್ಲಿ ಬಲಿಪೂಜೆ ಅರ್ಪಿತವಾಗುವುದಕ್ಕೆ ಆ ಶಾಸನವೇ ತಳಹದಿ. ಇಂದು ಗಾಯನವೃಂದದಲ್ಲಿ ಗಿಟಾರ್ ಕಂಡರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಅಂದು ಶುಭ್ರ ವಸ್ತ್ರದ ಕನ್ಯಾಸ್ತ್ರೀಯ ಕೈಯಲ್ಲಿ ಗಿಟಾರ್ ಇದ್ದುದು ಜಗತ್ತಿಗೆ ಒಂದು ಹೊಸ ಶಕುನದಂತೆ ತೋರಿತು.

ಕೀರ್ತಿ ಮಠದ ಬಾಗಿಲಿಗೇ ಬಂದು ನಿಂತಿತು. ಅಮೆರಿಕದ ಹೆಸರಾಂತ ಟೆಲಿವಿಷನ್ ನಿರೂಪಕ ಎಡ್ ಸಲಿವನ್ ತಮ್ಮ ಕಾರ್ಯಕ್ರಮಕ್ಕಾಗಿ ಮಠದಲ್ಲಿಯೇ ಚಿತ್ರೀಕರಣ ನಡೆಸಿದರು. 1964ರ ಜನವರಿ 5ರಂದು ಅದು ಪ್ರಸಾರವಾಗಿ ಅಸಂಖ್ಯಾತ ಮನೆಗಳನ್ನು ತಲುಪಿತು. ಆ ವರ್ಷದ ಗ್ರ್ಯಾಮಿ ಪ್ರಶಸ್ತಿಗಳಲ್ಲಿ ಧಾರ್ಮಿಕ ಸಂಗೀತ ವಿಭಾಗದ ಗೌರವವೂ ‘ದೊಮಿನಿಕ್’ಗೆ ದೊರೆಯಿತು.

ನಗೆಯ ಮರೆಯಲ್ಲಿ

ಹೊರಗೆ ಇಷ್ಟೆಲ್ಲ ಸಂಭ್ರಮವಿದ್ದಾಗ ಒಳಗಿನ ಬದುಕು ಹೇಗಿತ್ತು? ಅನೇಕ ವರ್ಷಗಳ ನಂತರ, 1979ರಲ್ಲಿ, ಅವರು ಆ ದಿನಗಳನ್ನು ನೆನೆದು ಹೇಳಿಕೊಂಡದ್ದುಂಟು: ದುಃಖಪಡುವುದಕ್ಕೆ ತಮಗೆ ಅವಕಾಶವೇ ಇರಲಿಲ್ಲವೆಂದೂ, ಮನಸ್ಸು ಮುದುಡಿದಾಗ ಬರೆದ ಸಾಲುಗಳನ್ನು ಮದರ್ ಸುಪೀರಿಯರ್ ತೆಗೆದುಹಾಕುತ್ತಿದ್ದರೆಂದೂ ಅವರ ಅಳಲು. ಇದು ಅವರೊಬ್ಬರ ನೆನಪು. ಮಠದ ಹಿರಿಯರಿಗೆ ತಮ್ಮದೇ ಆದ ಕಾರಣಗಳಿದ್ದಿರಬಹುದು. ಆದರೂ ಮುಗುಳ್ನಗೆಯೆಂಬ ಹೆಸರನ್ನು ಹೊತ್ತವರಿಗೆ ಅಳುವ ಸ್ವಾತಂತ್ರ್ಯವಿಲ್ಲದಿರುವುದು ಎಂತಹ ಭಾರವೆಂಬುದನ್ನು ಊಹಿಸಬಹುದು.

ಹಣದ ಮಾತು ಇನ್ನೊಂದು. ರೆಕಾರ್ಡುಗಳ ಆದಾಯದಲ್ಲಿ ದೊಡ್ಡ ಪಾಲು ಕಂಪನಿಗೂ ನಿರ್ಮಾಪಕರಿಗೂ ಸಂದಿತು. ಉಳಿದದ್ದು ಸಂನ್ಯಾಸಿನಿಯರ ಸಭೆಗೆ ಸೇರಿತು. ಬಡತನದ ವ್ರತ ಹೊತ್ತ ಗಾಯಕಿಯ ಕೈಗೆ ಏನೂ ಬರಲಿಲ್ಲ, ಅವರು ಕೇಳಲೂ ಇಲ್ಲ. ಮಠದೊಳಗೆ ಇರುವವರೆಗೆ ಇದರಲ್ಲಿ ಅನ್ಯಾಯವೇನೂ ಇಲ್ಲ. ಸದಸ್ಯೆಯ ಗಳಿಕೆ ಸಭೆಯ ಸ್ವತ್ತು. ಪ್ರತಿಯಾಗಿ ಆಕೆಯ ಊಟ, ವಸತಿ, ಔಷಧ, ವೃದ್ಧಾಪ್ಯ ಎಲ್ಲವೂ ಸಭೆಯ ಹೊಣೆ. ಕಷ್ಟ ತಲೆದೋರುವುದು ಆ ಬಂಧ ಕಡಿದಾಗ.

1963ರಲ್ಲಿಯೇ ಸಭೆಯು ಅವರನ್ನು ಲೂವೆನ್ ವಿಶ್ವವಿದ್ಯಾನಿಲಯಕ್ಕೆ ದೈವಶಾಸ್ತ್ರದ ಅಧ್ಯಯನಕ್ಕಾಗಿ ಕಳುಹಿಸಿತ್ತು. ಅಲ್ಲಿ ಹೊಸ ವಿಚಾರಗಳ ಗಾಳಿ ಬೀಸುತ್ತಿತ್ತು. ಮಠ ಸೇರುವ ಮುನ್ನ ಪರಿಚಿತರಾಗಿದ್ದ ಗೆಳತಿಯೊಬ್ಬರು ಮತ್ತೆ ಭೇಟಿಯಾದರು. ಹಿರಿಯ ಸಹೋದರಿಯರೊಡನೆ ಭಿನ್ನಾಭಿಪ್ರಾಯಗಳು ಬೆಳೆದವು. 1966ರಲ್ಲಿ ಹಾಲಿವುಡ್‌ನವರು ಅವರ ಜೀವನವನ್ನು ಆಧರಿಸಿ, ಡೆಬಿ ರೆನಾಲ್ಡ್ಸ್ ಅವರನ್ನು ನಾಯಕಿಯಾಗಿಸಿ, ‘ದಿ ಸಿಂಗಿಂಗ್ ನನ್’ ಎಂಬ ಚಲನಚಿತ್ರವನ್ನು ಹೊರತಂದರು. ಅದು ತಮ್ಮ ಬದುಕಲ್ಲ, ಕಟ್ಟುಕಥೆಯೆಂದು ಜನೀನ್ ಅದನ್ನು ತಳ್ಳಿಹಾಕಿದರು. ಬೆಳ್ಳಿತೆರೆಯ ಕನ್ಯಾಸ್ತ್ರೀಯನ್ನು ಕಂಡು ಜಗತ್ತು ನಲಿಯುತ್ತಿದ್ದ ಅದೇ ವರ್ಷ ನಿಜವಾದ ಸಿಸ್ಟರ್ ಲೂಕ್ ಗಾಬ್ರಿಯೇಲ್ ಮಠವನ್ನು ತೊರೆದರು.

ಹೆಸರಿಲ್ಲದ ಗಾಯಕಿ

ಮಠದಿಂದ ಹೊರಬಂದರೂ ಅವರು ಧರ್ಮಸಭೆಯಿಂದ ಹೊರನಡೆಯಲಿಲ್ಲ. ದೊಮಿನಿಕರ ಮಾರ್ಗದಲ್ಲಿಯೇ, ಪ್ರಾರ್ಥನೆಯ ನಿಯಮಗಳನ್ನು ಪಾಲಿಸುತ್ತ, ವಾವ್ರ್ ಪಟ್ಟಣದಲ್ಲಿ ಗೆಳತಿಯೊಡನೆ ಸರಳವಾಗಿ ಬಾಳಿದರು. ಹಾಡುವುದನ್ನೇ ಜೀವನೋಪಾಯವಾಗಿಸಿಕೊಳ್ಳಲು ಬಯಸಿದರು. ಆದರೆ ಜಗತ್ತು ಬಲ್ಲ ‘ಸೆರ್ ಸೂರೀರ್’ ಎಂಬ ಹೆಸರನ್ನು ಬಳಸಲು ಒಪ್ಪಂದ ಅಡ್ಡಬಂದಿತು. ‘ಲೂಕ್ ದೊಮಿನಿಕ್’ ಎಂಬ ಹೊಸ ಹೆಸರಿನಲ್ಲಿ ಅವರು 1967ರಲ್ಲಿ ಹೊಸ ಆಲ್ಬಮ್ ಹೊರತಂದರು. ತಾನು ತಾರೆಯಲ್ಲ ಎಂಬ ಅರ್ಥದ ಶೀರ್ಷಿಕೆ ಅದರದು. ಕೊಂಡವರು ಕೆಲವೇ ಮಂದಿ. ಲಕ್ಷಾಂತರ ಜನರ ನಾಲಿಗೆಯ ಮೇಲೆ ಹಾಡಿದ್ದರೂ, ಹಾಡಿದವರು ಯಾರೆಂಬುದು ಅವರಲ್ಲಿ ಬಹುಮಂದಿಗೆ ತಿಳಿಯದಾಗಿತ್ತು.

ಅದೇ ವರ್ಷ ಗರ್ಭನಿರೋಧಕ ಗುಳಿಗೆಯನ್ನು ಹೊಗಳುವ ಹಾಡೊಂದನ್ನು ಅವರು ಹಾಡಿದ್ದು ಅನೇಕ ಕಥೋಲಿಕರಿಗೆ ಆಘಾತವನ್ನುಂಟುಮಾಡಿತು. ಆಗ ಈ ವಿಷಯ ರೋಮಿನಲ್ಲಿ ಪರಿಶೀಲನೆಯಲ್ಲಿತ್ತು. ಪೋಪ್ ಆರನೆಯ ಪೌಲರು ‘ಹ್ಯುಮಾನೆ ವೀತೆ’ ವಿಶ್ವಪತ್ರದ ಮೂಲಕ ಧರ್ಮಸಭೆಯ ಬೋಧನೆಯನ್ನು ಸ್ಪಷ್ಟವಾಗಿ ಸಾರಿದ್ದು 1968ರ ಜುಲೈನಲ್ಲಿ. ಆ ಹಾಡು ನಮ್ಮ ವಿಶ್ವಾಸದ ಬೋಧನೆಗೆ ಹೊಂದುವುದಲ್ಲ. ಅದರ ಫಲವಾಗಿ, ಒಂದು ಕಾಲಕ್ಕೆ ಅವರನ್ನು ಮೆಚ್ಚಿದ್ದ ಕುಟುಂಬಗಳೇ ದೂರ ಸರಿದವು. ಕನ್ಯಾಸ್ತ್ರೀಯಲ್ಲದ ಅವರು ಪಾಪ್ ಜಗತ್ತಿಗೆ ಬೇಕಿರಲಿಲ್ಲ. ವಿವಾದಕ್ಕೆ ಒಳಗಾದ ಅವರು ಕಥೋಲಿಕ ವಲಯಕ್ಕೂ ಬೇಡವಾದರು.

ಎಲ್ಲರೂ ಅವರನ್ನು ಕೈಬಿಟ್ಟರೆಂದು ಹೇಳಿದರೆ ಅಸತ್ಯವಾದೀತು. 1970ರ ದಶಕದಲ್ಲಿ ಕಥೋಲಿಕ ವರಪ್ರಸಾದ ನವೀಕರಣ ಚಳವಳಿ ಬೆಲ್ಜಿಯಂನಲ್ಲಿ ಬೇರೂರಿದಾಗ, ಅದರ ಪೋಷಕರಾದ ಕಾರ್ಡಿನಲ್ ಸೂನೆನ್ಸ್ ಅವರು ಜನೀನ್ ಅವರನ್ನೂ ಅದರಲ್ಲಿ ತೊಡಗಿಸಿಕೊಂಡರು. ಕೆಲಕಾಲ ಅವರು ಪವಿತ್ರಾತ್ಮರ ಸ್ತುತಿಗೀತೆಗಳನ್ನು ರಚಿಸಿ ಹಾಡಿದರು. ಬಾಡಿದ ಗಿಡಕ್ಕೆ ನೀರೆರೆದಂತಾಯಿತು. ಆದರೆ ಮನಸ್ಸಿನ ಬಳಲಿಕೆ ಅವರನ್ನು ಬಿಡಲಿಲ್ಲ. ದೀರ್ಘಕಾಲ ಚಿಕಿತ್ಸೆ ಪಡೆಯಬೇಕಾಯಿತು.

ತೆರಿಗೆಯ ಕಾಗದ

1970ರ ದಶಕದ ಕೊನೆಯಲ್ಲಿ ಬೆಲ್ಜಿಯಂ ಸರ್ಕಾರದ ತೆರಿಗೆ ಇಲಾಖೆಯಿಂದ ಬೇಡಿಕೆಯ ಕಾಗದ ಬಂದಿತು. ‘ದೊಮಿನಿಕ್’ ಕಾಲದ ಆದಾಯದ ಮೇಲಿನ ತೆರಿಗೆ ಬಾಕಿಯಿದೆ, ಅದನ್ನು ಕಟ್ಟಬೇಕು ಎಂದು. ಮೊತ್ತ ಸುಮಾರು 63,000 ಡಾಲರ್. ಅವರ ವಾದ ಸರಳವಾಗಿತ್ತು: ಹಣ ತಮಗೆ ಬರಲೇ ಇಲ್ಲ, ಅದು ಸಭೆಗೆ ಹೋಯಿತು. ಆದರೆ ಹಾಗೆ ಕೊಟ್ಟದ್ದಕ್ಕೆ ಅವರ ಬಳಿ ರಸೀದಿ ಇರಲಿಲ್ಲ. ವ್ರತ ಹೊತ್ತವರು ರಸೀದಿ ಕೇಳುವುದುಂಟೇ? ಸರ್ಕಾರದ ಕಡತದಲ್ಲಿ ಬಡತನದ ವ್ರತಕ್ಕೆ ಪ್ರತ್ಯೇಕ ಅಂಕಣವಿರಲಿಲ್ಲ. ಹಾಡಿದವರ ಹೆಸರು ಇತ್ತು, ಬಾಕಿ ಇತ್ತು.

ಸಭೆಯ ದೃಷ್ಟಿಯಲ್ಲಿ ಲೆಕ್ಕ ಅದಾಗಲೇ ಮುಗಿದಿತ್ತು. ವಾವ್ರ್‌ನ ಮನೆಯ ಖರೀದಿಗೆ ಅದು ನೆರವು ನೀಡಿತ್ತು. ಅವರ ಪಾಲಿಗೆ ಸಲ್ಲಬೇಕಾದುದು ಸಂದಿದೆಯೆಂದು ಭಾವಿಸಿತ್ತು. ಧರ್ಮಸಭೆಯ ಕಾನೂನು ಈ ಬಗ್ಗೆ ಎರಡು ಮಾತುಗಳನ್ನು ಹೇಳುತ್ತದೆ. 1983ರ ಕಾನೂನು ಸಂಹಿತೆಯ 702ನೆಯ ವಿಧಿಯಂತೆ, ಸಂನ್ಯಾಸ ಸಭೆಯನ್ನು ತೊರೆದವರು ಅಲ್ಲಿ ಸಲ್ಲಿಸಿದ ಸೇವೆಗೆ ಪ್ರತಿಫಲವನ್ನು ಹಕ್ಕಾಗಿ ಕೇಳುವಂತಿಲ್ಲ. ಆದರೆ ಅದೇ ವಿಧಿಯ ಎರಡನೆಯ ಭಾಗ, ಹಾಗೆ ಹೊರಹೋದವರನ್ನು ಸಭೆಯು ನ್ಯಾಯದಿಂದಲೂ ಶುಭಸಂದೇಶದ ಪ್ರೀತಿಯಿಂದಲೂ ನಡೆಸಿಕೊಳ್ಳಬೇಕೆಂದು ಆದೇಶಿಸುತ್ತದೆ. ಮೊದಲ ಭಾಗವನ್ನು ಲೆಕ್ಕಿಗರು ಪಾಲಿಸಬಲ್ಲರು. ಎರಡನೆಯದನ್ನು ಪಾಲಿಸಲು ಹೊರಹೋದವರ ಮನೆಯ ಬಾಗಿಲನ್ನು ಮತ್ತೆ ಮತ್ತೆ ತಟ್ಟಬೇಕಾಗುತ್ತದೆ.

ಸಾಲದ ಒತ್ತಡದ ನಡುವೆಯೂ ಜನೀನ್ ಮತ್ತು ಅವರ ಗೆಳತಿ ಆಟಿಸಂ ಇರುವ ಮಕ್ಕಳಿಗಾಗಿ ವಾವ್ರ್‌ನಲ್ಲಿ ಶಾಲೆಯೊಂದನ್ನು ತೆರೆದರು. ಮಾತು ಬಾರದ, ಜಗತ್ತಿಗೆ ಅರ್ಥವಾಗದ ಮಕ್ಕಳೊಡನೆ ಕುಳಿತು ಅವರಿಗೆ ಕಲಿಸಿದರು. ಆದರೆ ಹಣವಿಲ್ಲದೆ ಅದೂ ಉಳಿಯಲಿಲ್ಲ. ಸಾಲ ತೀರಿಸುವ ಆಸೆಯಿಂದ 1982ರಲ್ಲಿ ‘ದೊಮಿನಿಕ್’ ಗೀತೆಯನ್ನು ಅಂದಿನ ಡಿಸ್ಕೋ ತಾಳಕ್ಕೆ ಹೊಂದಿಸಿ ಮತ್ತೆ ಹಾಡಿದರು. ಒಮ್ಮೆ ಜಗತ್ತನ್ನು ಗೆದ್ದ ಹಾಡು ಎರಡನೆಯ ಬಾರಿ ಯಾರನ್ನೂ ತಲುಪಲಿಲ್ಲ.

1985ರ ಮಾರ್ಚ್ 29ರಂದು ವಾವ್ರ್‌ನ ತಮ್ಮ ಮನೆಯಲ್ಲಿ ಜನೀನ್ ಡೆಕರ್ಸ್ ಮತ್ತು ಅವರ ಗೆಳತಿ ತಾವೇ ತಮ್ಮ ಬದುಕನ್ನು ಕೊನೆಗೊಳಿಸಿಕೊಂಡರು. ಹಣದ ಸಂಕಷ್ಟ ಮತ್ತು ಹತಾಶೆ ಅವರನ್ನು ಅಲ್ಲಿಗೆ ತಂದಿದ್ದವು. ಜನೀನ್ ಅವರಿಗೆ ಆಗ 51 ವರ್ಷ. ವಾವ್ರ್‌ನ ಸ್ಮಶಾನದಲ್ಲಿ ಇಬ್ಬರನ್ನೂ ಒಂದೇ ಸಮಾಧಿಯಲ್ಲಿ ಮಣ್ಣು ಮಾಡಲಾಯಿತು.

ನಮಗೆ ಉಳಿದಿರುವುದು

ಪ್ರಾಣ ದೇವರ ಕೊಡುಗೆ. ಅದನ್ನು ಕೊನೆಗಾಣಿಸುವ ಹಕ್ಕು ನಮಗಿಲ್ಲವೆಂಬುದು ನಮ್ಮ ವಿಶ್ವಾಸ. ಆದರೆ ಅದೇ ಧರ್ಮಸಭೆ, 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥದಲ್ಲಿ, ಮಾನಸಿಕ ಯಾತನೆಯೂ ಭಯವೂ ಮನುಷ್ಯನ ಹೊಣೆಯನ್ನು ತಗ್ಗಿಸಬಲ್ಲವೆಂದೂ, ಹೀಗೆ ಮರಣ ಹೊಂದಿದವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದೆಂದೂ ಬೋಧಿಸುತ್ತದೆ, ಅವರಿಗಾಗಿ ಪ್ರಾರ್ಥಿಸುತ್ತದೆ. ದೇವರಿಗೆ ಮಾತ್ರ ತಿಳಿದ ಹಾದಿಗಳಲ್ಲಿ ಆತನ ಕರುಣೆ ಅವರನ್ನು ಅರಸಿಕೊಂಡು ಹೋಗಬಲ್ಲದು. ಆದ್ದರಿಂದ ಜನೀನ್ ಅವರ ಅಂತ್ಯವನ್ನು ಕುರಿತು ತೀರ್ಪು ನೀಡುವುದು ನಮ್ಮ ಕೆಲಸವಲ್ಲ.

ನಮ್ಮ ಕೆಲಸ ಬೇರೆಯಿದೆ. ಈ ಕಥೆಯಲ್ಲಿ ದುಷ್ಟರೆಂದು ಬೊಟ್ಟುಮಾಡಿ ತೋರಿಸಬಹುದಾದವರು ಯಾರೂ ಇಲ್ಲ. ಕಂಪನಿ ತನ್ನ ಒಪ್ಪಂದದಂತೆ ನಡೆಯಿತು, ಸಭೆ ತನ್ನ ನಿಯಮದಂತೆ, ಸರ್ಕಾರ ತನ್ನ ಕಾನೂನಿನಂತೆ. ಕೇಳುಗರು ಹಾಡನ್ನು ಕೇಳಿ ಸಂತೋಷಪಟ್ಟರು. ಎಲ್ಲರೂ ಹಾಡಿನಿಂದ ಏನಾದರೊಂದನ್ನು ಪಡೆದರು. ಹಾಡಿದಾಕೆಗೆ ಉಳಿದದ್ದು ಸಾಲ ಮಾತ್ರ. ಒಬ್ಬರ ಪ್ರತಿಭೆಯನ್ನು ದೇವರ ವರವೆಂದು ಕೊಂಡಾಡುವ ಸಮುದಾಯ, ಆ ವರವನ್ನು ಹೊತ್ತ ವ್ಯಕ್ತಿಯ ಯೋಗಕ್ಷೇಮವನ್ನು ವಿಚಾರಿಸಲು ಮರೆತರೆ ಏನಾಗುತ್ತದೆಂಬುದಕ್ಕೆ ಈ ಬದುಕು ಸಾಕ್ಷಿ.

ನಮ್ಮ ನಡುವೆಯೂ ಇಂತಹವರಿದ್ದಾರೆ. ಮಠವನ್ನೋ ಗುರುಮಠವನ್ನೋ ಬಿಟ್ಟು ಮನೆಗೆ ಮರಳಿದ ಮಗಳೋ ಮಗನೋ ಎಷ್ಟು ಕುಟುಂಬಗಳಲ್ಲಿಲ್ಲ? ಅವರು ಬಂದ ದಿನ ನೆರೆಹೊರೆಯವರ ಕಣ್ಣು ತಪ್ಪಿಸಿ ಒಳಗೆ ಕರೆದುಕೊಂಡವರು ನಾವು. ಯಾಕೆ ಬಂದೆ ಎಂದು ಕೇಳಿದವರು ಹಲವರು. ಹೇಗಿದ್ದೀಯ ಎಂದು ಕೇಳಿದವರು ಕೆಲವರು. ಭಾನುವಾರದ ಪೂಜೆಯಲ್ಲಿ ಹತ್ತಾರು ವರ್ಷ ಹಾಡಿದ ಗಾಯಕಿ ಎರಡು ವಾರ ಕಾಣದಿದ್ದರೆ ಅವರ ಮನೆಗೆ ಹೋಗಿ ವಿಚಾರಿಸುವವರು ಎಷ್ಟು ಜನ? ಸದಾ ನಗುತ್ತಿರುವವರ ಒಳಗೂ ನೋವಿರಬಹುದು. ಅಂತಹವರೊಡನೆ ಕುಳಿತು ಕೇಳಬೇಕು. ಅಗತ್ಯವಿದ್ದರೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಪಡೆಯುವುದು ವಿಶ್ವಾಸದ ಕೊರತೆಯಲ್ಲ.

2009ರಲ್ಲಿ ಬೆಲ್ಜಿಯಂನ ನಿರ್ದೇಶಕ ಸ್ಟೈನ್ ಕೋನಿಂಕ್ಸ್ ಅವರು ಜನೀನ್ ಅವರ ಬದುಕನ್ನು ಮತ್ತೊಮ್ಮೆ ತೆರೆಗೆ ತಂದರು. ಈ ಬಾರಿ ನಗೆಯೊಂದಿಗೆ ಕಣ್ಣೀರಿಗೂ ಅದರಲ್ಲಿ ಜಾಗವಿತ್ತು. ‘ದೊಮಿನಿಕ್’ ಗೀತೆಯನ್ನು ಇಂದಿಗೂ ಹಲವು ದೇಶಗಳಲ್ಲಿ ಜನರು ಗುನುಗುತ್ತಾರೆ. ಮುಂದೆಂದಾದರೂ ಆ ಲವಲವಿಕೆಯ ರಾಗ ನಿಮ್ಮ ಕಿವಿಗೆ ಬಿದ್ದರೆ, ವಾವ್ರ್‌ನ ಆ ಸಮಾಧಿಯನ್ನು ಒಂದು ಕ್ಷಣ ನೆನೆಯಿರಿ. ಅಲ್ಲಿ ಮಲಗಿರುವ ಇಬ್ಬರಿಗಾಗಿ ಒಂದು ಪ್ರಾರ್ಥನೆ ಸಲ್ಲಿಸಿ. ಬಳಿಕ, ಬಹಳ ದಿನಗಳಿಂದ ನೀವು ಮಾತನಾಡಿಸದೆ ಬಿಟ್ಟಿರುವ ಆ ಒಬ್ಬರ ಮನೆಗೆ ಹೋಗಿಬನ್ನಿ.